ಭಾವ ಬರೆದುಕೊಟ್ಟ ಕಿಟಕಿ

ನಮ್ಮ ಭಾವನ ಬಳಿ ಕನ್ನಡಕವಿದೆ ಎಂಬ ಸಂಗತಿ ಈ ಜಗತ್ತಿನಲ್ಲಿ ಮೂವರಿಗೆ ಮಾತ್ರ ಗೊತ್ತಿತ್ತು. ಒಬ್ಬ ಅದನ್ನು ಮಾರಿದ ಅಂಗಡಿಯವನು, ಇನ್ನೊಬ್ಬಳು ನಮ್ಮ ಅಕ್ಕ, ಮೂರನೆಯವನು ಅವರ ಮಹಡಿಯ ಕೋಣೆಯಲ್ಲಿ ಬಾಡಿಗೆ ಕೊಡದೆ ಹಾಯಾಗಿರುವ ನಾನು. ಯಾವುದೋ ಮದುವೆಯ ಊಟದ ಸಾಲಿನಲ್ಲಿ ಕೂತು, "ನಮ್ಮ ವಂಶದಲ್ಲಿ ಕನ್ನಡಕ ಅನ್ನೋ ಪದಾರ್ಥವೇ ಇಲ್ಲ" ಎಂದು ಭಾವ ಒಮ್ಮೆ ಹೇಳಿಬಿಟ್ಟಿದ್ದರು. ಆ ಮಾತು ಉಳಿಸಿಕೊಳ್ಳಲು ಅವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಅವರದು ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವ ಕೆಲಸ. ಹತ್ತಿರದ ಅಕ್ಷರ, ಅಂಕಿ ಒಂದೂ ಕಾಣುವುದಿಲ್ಲ. ಹಾಗಾಗಿ ಮೀಟರಿನ ಗುಂಡಿಯೊಳಗೆ ತಲೆ ಬಗ್ಗಿಸಿದ ಮೇಲೆಯೇ ಜೇಬಿನಿಂದ ಕನ್ನಡಕ ತೆಗೆಯುತ್ತಿದ್ದರು. ಗುಂಡಿಯೊಳಗೇ ಓದಿ, ಗುಂಡಿಯೊಳಗೇ ಪುಸ್ತಕದಲ್ಲಿ ಬರೆದುಕೊಂಡು, ತಲೆ ಎತ್ತುವ ಹೊತ್ತಿಗೆ ಕನ್ನಡಕ ಮತ್ತೆ ಜೇಬು ಸೇರಿರುತ್ತಿತ್ತು. ಮೀಟರಿಗೆ ಇಷ್ಟು ಬಾಗಿ ನಮಸ್ಕಾರ ಮಾಡುವ ನೌಕರನನ್ನು ತಾವು ನೋಡಿಯೇ ಇಲ್ಲ ಎಂದು ಜನ ಮೆಚ್ಚಿಕೊಂಡಿದ್ದರು.

ನಮ್ಮ ಬೀದಿಯ ತುದಿಯ ದಿಬ್ಬದ ಮೇಲೆ ಮರಿಯಮಾತೆಯ ಪುಣ್ಯಕ್ಷೇತ್ರವಿದೆ. ದೊಡ್ಡದೇನಲ್ಲ. ನೂರೈವತ್ತು ಜನ ಕೂತರೆ ತುಂಬುತ್ತದೆ, ಇನ್ನೂರು ಜನ ಬಂದರೆ ಐವತ್ತು ಜನ ಮೆಟ್ಟಿಲ ಮೇಲೆ ನಿಂತು ಪ್ರಾರ್ಥಿಸುತ್ತಾರೆ. ಅದನ್ನು ನೋಡಿಕೊಳ್ಳಲು ಸಂಬಳದ ಆಳು ಒಬ್ಬನೂ ಇಲ್ಲ. ಬಡಗಿ ಭಾನುವಾರದ ಮಧ್ಯಾಹ್ನ ಬೆಂಚುಗಳನ್ನು ಬಿಚ್ಚಿ, ಹುಳ ತಿಂದ ಕಾಲಿಗೆ ಹೊಸ ಮರ ಸೇರಿಸುತ್ತಾನೆ. ಮುಂದಿನ ವಾರ ಅದರ ಮೇಲೆ ಕೂತವನಿಗೆ ಯಾವ ಕಾಲು ಹಳೆಯದು, ಯಾವುದು ಹೊಸದು ಎಂದು ತಿಳಿದರೆ ಕೇಳಿ. ದರ್ಜಿ ಪೂಜೆಯ ಪೀಠಕ್ಕೆ ಹಾಸುವ ಬಟ್ಟೆಗಳನ್ನು ಹೊಲಿಯುತ್ತಾನೆ, ಸಮಿತಿಯ ಕಾರ್ಯದರ್ಶಿಯೂ ಅವನೇ. ನನಗೆ ಬಾಗಿಲಿಗೆ ಬಣ್ಣ ಹಚ್ಚುವ ಕೆಲಸ. ಅದನ್ನು ನೋಡಿದವರು ಏನೂ ಹೇಳದಿರುವುದು ಅವರ ದೊಡ್ಡತನ. ಇವರೆಲ್ಲರಿಗಿಂತ ಮಿಗಿಲು ನಮ್ಮ ಮೇಣದಜ್ಜಿ. ಉರಿದ ಮೇಣದಬತ್ತಿಗಳಿಂದ ನೆಲಕ್ಕೆ ಸುರಿದ ಮೇಣವನ್ನು ತರಕಾರಿ ಹೆಚ್ಚುವ ಚಾಕುವಿನಿಂದ ಕೆರೆದು, ಕರಗಿಸಿ, ಸೋಸಿ, ಮತ್ತೆ ಬತ್ತಿ ಮಾಡುತ್ತಾಳೆ. ಅರವತ್ತು ವರ್ಷದಿಂದ ಇದೇ ಕೆಲಸ. ನನ್ನ ಅಮ್ಮ ಹಚ್ಚಿದ ಬತ್ತಿಯ ಒಂದಿಷ್ಟು ಮೇಣ ನಾನು ಇವತ್ತು ಹಚ್ಚುವ ಬತ್ತಿಯಲ್ಲೂ ಇರಬಹುದು.

ಈ ಪುಣ್ಯಕ್ಷೇತ್ರದ ದುರಸ್ತಿಗೆ ಸಮಿತಿ ಹೋದ ವರ್ಷ ಕೈಹಾಕಿತು. ಬಾಗಿಲ ಮೇಲೆ ಎರಡು ಹಾಳೆ ಅಂಟಿಸಿದರು. ಎಡಗಡೆಯ ಹಾಳೆ ದುಡಿಯುವವರಿಗೆ: ಗುಡಿಸುವುದು, ಒರೆಸುವುದು, ಕಲ್ಲು ಹೊರುವುದು. ಬಲಗಡೆಯ ಹಾಳೆ ದಾನ ಕೊಡುವವರಿಗೆ: ಬೆಂಚು, ಬಾಗಿಲು, ಹೆಂಚು, ಕಿಟಕಿ. ದಾನದ ಹಾಳೆಯಲ್ಲಿ 'ವಿಶೇಷ ಕೋರಿಕೆ' ಎಂಬ ಒಂದು ಅಂಕಣವೂ ಇತ್ತು. ಯಾರ ನೆನಪಿಗಾಗಿ ಕೊಡುತ್ತೀರಿ ಎಂದು ಬರೆಯಲು ಇರಬೇಕು.

ಭಾವ ಪೀಠದ ಹಿಂದಿನ ದೊಡ್ಡ ಕಿಟಕಿಯನ್ನು ಒರೆಸಿಕೊಡಲು ಮನಸ್ಸು ಮಾಡಿದ್ದರು. ಸದುದ್ದೇಶವೇ. ಆದರೆ ಬಾಗಿಲ ಬಳಿ ಹತ್ತಾರು ಜನ ನಿಂತಿದ್ದರು. ಅವರೆದುರು ಕನ್ನಡಕ ತೆಗೆಯುವುದುಂಟೇ? ಜನ ಕಡಿಮೆ ಇದ್ದ ಬಲಗಡೆಗೆ ನಡೆದು, ಹಾಳೆಯ ಮೇಲೆ ಅಸ್ಪಷ್ಟವಾಗಿ ಕಂಡ ಸಾಲುಗಳನ್ನು ಗಂಭೀರವಾಗಿ ನೋಡಿ, ಪಕ್ಕದವನನ್ನು, "ಇದರಲ್ಲಿ ದೊಡ್ಡ ಕಿಟಕಿ ಎಲ್ಲಪ್ಪಾ?" ಎಂದು ಕೇಳಿದರು. ಅವನು ಬೆರಳಿಟ್ಟು ತೋರಿಸಿದ. ಭಾವ ಅಲ್ಲಿ ತಮ್ಮ ಸಹಿ ಹಾಕಿದರು. ಪಕ್ಕದಲ್ಲಿ ಖಾಲಿ ಜಾಗವಿತ್ತು, ಅದನ್ನೇಕೆ ಬಿಡಬೇಕೆಂದು, 'ಬಕೆಟ್ ಮತ್ತು ಬಟ್ಟೆ ನಾನೇ ತರುತ್ತೇನೆ' ಎಂದು ವಿಶೇಷ ಕೋರಿಕೆಯಲ್ಲಿ ಬರೆದು ಮನೆಗೆ ಬಂದು ಊಟ ಮಾಡಿ ಮಲಗಿದರು.

ಭಾನುವಾರ ಪುಣ್ಯಕ್ಷೇತ್ರದ ಗುರುಗಳು ಬಲಿಪೂಜೆಯ ಪ್ರಾರ್ಥನೆ ಮುಗಿಸಿದ ಮೇಲೆ ದರ್ಜಿ ಎದ್ದು ನಿಂತ.

"ಇವತ್ತು ಒಂದು ಸಂತೋಷದ ಸುದ್ದಿ. ಪೀಠದ ಹಿಂದಿನ ದೊಡ್ಡ ಕಿಟಕಿ, ಅದಕ್ಕೆ ಯಾರು ಮುಂದೆ ಬರ್ತಾರೋ ಅಂತ ನಾವೆಲ್ಲ ಕಂಗಾಲಾಗಿದ್ವಿ. ನಮ್ಮ ಮೀಟರ್ ಓದೋ ಅಣ್ಣ ಇಡೀ ಕಿಟಕಿ ತಾವೊಬ್ಬರೇ ವಹಿಸಿಕೊಂಡಿದ್ದಾರೆ. ಅಷ್ಟೇ ಅಲ್ಲ. ಅವರ ಕೋರಿಕೆ ಏನು ಗೊತ್ತಾ? ಹೆಸರು ಹಾಕಿ ಅಂತಲ್ಲ, ಫೋಟೋ ಹಾಕಿ ಅಂತಲ್ಲ. ತಮ್ಮದೇ ಬಕೆಟು, ಬಟ್ಟೆ ತಂದು ಅದನ್ನ ತಾವೇ ಒರೆಸ್ತಾರಂತೆ!"

ಚಪ್ಪಾಳೆ ಬಿತ್ತು. ಕೆಲವು ಹೆಂಗಸರು ಕಣ್ಣೊರೆಸಿಕೊಂಡರು. ಗುರುಗಳೇ ಕೆಳಗಿಳಿದು ಬಂದು ಭಾವನ ಎರಡೂ ಕೈ ಹಿಡಿದುಕೊಂಡರು. ಕಿಟಕಿ ಒರೆಸುವುದಕ್ಕೆ ಇಷ್ಟು ಮರ್ಯಾದೆ ಇದೆಯೆಂದು ಗೊತ್ತಿದ್ದರೆ ಹತ್ತು ವರ್ಷದ ಹಿಂದೆಯೇ ಒರೆಸುತ್ತಿದ್ದೆ ಎಂದುಕೊಂಡ ಭಾವ ಎದ್ದು ನಿಂತು ವಿನಯದಿಂದ ಹೇಳಿದರು:

"ಅಯ್ಯೋ, ಇದೇನು ಮಹಾ! ಒಂದು ಬೆಳಗ್ಗೆ ಕೆಲಸ. ಬೇಕಾದ್ರೆ ಪಕ್ಕದ ಆರು ಕಿಟಕೀನೂ ನಾನೇ ನೋಡ್ಕೋತೀನಿ ಬಿಡಿ."

ಬಡಗಿ ಬೆಂಚಿನ ಅಂಚು ಹಿಡಿದುಕೊಂಡ. ದರ್ಜಿ ಕೂತೇಬಿಟ್ಟ.

ಅವತ್ತಿನಿಂದ ಭಾವ ಬೀದಿಯಲ್ಲಿ ನಡೆದರೆ ಜನ ದಾರಿ ಬಿಡತೊಡಗಿದರು. ಮೀಟರಿನ ಗುಂಡಿಗೆ ಬಾಗಿದರೆ ಮನೆಯವರು ಮೊಣಕಾಲಿನ ಕೆಳಗೆ ದಿಂಬು ತಂದಿಡುತ್ತಿದ್ದರು. ಎಂಟು ವರ್ಷದಿಂದ ಮಾತು ಬಿಟ್ಟಿದ್ದ ಭಾವನ ದೊಡ್ಡಪ್ಪನ ಮಗ ಒಂದು ಬುಟ್ಟಿ ಹಣ್ಣು ಹೊತ್ತು ತಂದು, "ನಾವೇನು ಹೊರಗಿನವರಾ? ಒಂದು ಮಾತು ಹೇಳ್ಬಾರದಿತ್ತಾ?" ಎಂದು ಕಣ್ಣೀರು ಹಾಕಿ, ಹೋಗುವಾಗ ಗೋಡೆಗಳನ್ನು ಬೆರಳಿನಿಂದ ತಟ್ಟಿ ನೋಡಿಕೊಂಡು ಹೋದ. ಒಳಗೆ ಏನಾದರೂ ಬಚ್ಚಿಟ್ಟಿದ್ದರೆ ಸದ್ದು ಬೇರೆ ಬರುತ್ತದೆಂದು ಅವನ ಲೆಕ್ಕಾಚಾರ. ಅಕ್ಕ ಮಾತ್ರ, "ಕಿಟಕಿ ಒರೆಸೋದಕ್ಕೆ ಇವರೆಲ್ಲ ಯಾಕೆ ಹೀಗಾಡ್ತಾರೆ?" ಎಂದು ನನ್ನನ್ನು ಕೇಳಿದಳು. "ಭಕ್ತಿ ಕಣೇ" ಎಂದೆ. ನನಗೂ ಗೊತ್ತಿರಲಿಲ್ಲ. ಆ ಭಾನುವಾರ ನಾನು ಬಲಿಪೂಜೆಗೆ ತಡವಾಗಿ ಹೋಗಿ ಮೆಟ್ಟಿಲ ಮೇಲೆ ನಿಂತಿದ್ದೆ, ಅವಳು ಹೋಗಿಯೇ ಇರಲಿಲ್ಲ.

ಸುದ್ದಿ ನೀರಿನ ಇಲಾಖೆಗೂ ಮುಟ್ಟಿತು. ಮೇಲಧಿಕಾರಿ ಭಾವನನ್ನು ಕರೆಸಿ, ಕೋಣೆಯ ಬಾಗಿಲು ಹಾಕಿಸಿ, ಕಡತ ತೆರೆದು ಕೂತರು.

"ಏನಯ್ಯಾ, ದಿಬ್ಬದ ಮೇಲೆ ಕಿಟಕಿ ವಹಿಸಿಕೊಂಡಿದ್ದೀಯಂತೆ? ಎಲ್ಲಿಂದ ಬಂತು?"

ಭಾವ ಬಕೆಟಿನ ನೀರಿನ ವಿಚಾರ ಎಂದುಕೊಂಡು ಗಾಬರಿಯಾದರು. "ಸಾರ್, ದೇವರಾಣೆ, ಎಲ್ಲಾ ಮನೇದೇ. ಇಲಾಖೇದು ಒಂದು ತೊಟ್ಟೂ ಮುಟ್ಟಿಲ್ಲ."

"ಮನೇಲಿ ಅಷ್ಟಿದೆಯಾ?"

"ದಿನಾ ಬೆಳಗ್ಗೆ ಬರುತ್ತಲ್ಲ ಸಾರ್. ತುಂಬಿಸಿ ಇಟ್ಕೋತೀವಿ."

ಅಧಿಕಾರಿಯ ಪೆನ್ನು ನಿಂತಿತು. "ದಿನಾ ಬರುತ್ತಾ! ಯಾವಾಗಿಂದ?"

"ಚಿಕ್ಕವನಿದ್ದಾಗಿಂದ ಸಾರ್. ಆಗ ನಮ್ಮಮ್ಮ ತುಂಬಿಸೋರು. ಈಗ ನನ್ನ ಹೆಂಡತಿ."

ಅಧಿಕಾರಿ 'ಪಿತ್ರಾರ್ಜಿತ' ಎಂದು ಬರೆದು, ಅಡಿಗೆರೆ ಎಳೆದು, ಎದ್ದು ನಿಂತು ಭಾವನಿಗೆ ಕುರ್ಚಿ ಕೊಟ್ಟರು. ಇಲಾಖೆಯ ಚರಿತ್ರೆಯಲ್ಲಿ ಮೀಟರ್ ಓದುವವನು ಆ ಕೋಣೆಯಲ್ಲಿ ಕೂತದ್ದು ಅದೇ ಮೊದಲು.

ಬಂಡವಾಳ ಬಯಲಾದದ್ದು ಶನಿವಾರ ಬೆಳಗ್ಗೆ. ಭಾವ ಬಕೆಟ್, ಬಟ್ಟೆ, ಏಣಿ ಜೋಡಿಸಿಕೊಂಡು ಹೊರಡುವ ಹೊತ್ತಿಗೆ ಬಣ್ಣದ ಗಾಜಿನ ಕೆಲಸದವನು ಮನೆಗೆ ಬಂದ. ಸಣಕಲು ಮನುಷ್ಯ, ಬೆರಳ ತುಂಬ ಗಾಯದ ಗುರುತು, ಕಂಕುಳಲ್ಲಿ ಚಾಪೆಯಷ್ಟು ದೊಡ್ಡ ಕಾಗದದ ಸುರುಳಿ. ಅದನ್ನು ನಡುಮನೆಯಲ್ಲಿ ಬಿಚ್ಚಿದಾಗ ಮೇಜು ಹೊರಗೆ ಹೋಯಿತು, ಕುರ್ಚಿ ಹೊರಗೆ ಹೋಯಿತು, ನಾನು ಗೋಡೆಗೆ ಅಂಟಿದೆ. ನೆಲದ ತುಂಬ ಮಾತೆಯ ಚಿತ್ರ, ಅದರ ಮೇಲೆಲ್ಲ ಸಣ್ಣ ಸಣ್ಣ ಅಂಕಿ.

"ಅಣ್ಣಾ, ಮಾತೆಯ ಹೊದಿಕೆಗೆ ಯಾವ ನೀಲಿ ಇಷ್ಟ?" ಎಂದ.

"ಒರೆಸೋ ಬಟ್ಟೆಗೆ ಬಣ್ಣ ಯಾವುದಾದ್ರೇನು?" ಎಂದರು ಭಾವ.

"ಬಟ್ಟೆ ಅಲ್ಲ, ಗಾಜು. ಹಳೇ ಕಿಟಕೀಲಿ ಗಾಜಿನ ಚೂರು ಹಿಡಿಯೋ ಸೀಸದ ಪಟ್ಟಿಯೆಲ್ಲ ಕಿತ್ತುಹೋಗಿ ಹೊಟ್ಟೆ ಉಬ್ಬಿತ್ತು. ಗಾಜು ಮುಟ್ಟಿದ್ರೆ ಪುಡಿ. ನೀವು ಹೊಸದು ಕೊಡ್ತೀರಿ ಅಂದ್ರಲ್ಲ, ಆ ಧೈರ್ಯದ ಮೇಲೆ ನಿನ್ನೆ ಇಳಿಸಿಬಿಟ್ಟೆ. ಬಡಗಿ ಹಲಗೆ ಹೊಡೆದಿದ್ದಾರೆ."

ಅಕ್ಕ ಅಡುಗೆಮನೆಯಿಂದ ಹೊರಗೆ ಬಂದಳು. "ಕೊಡೋದಾ? ಯಾರು?"

"ಇವರೇ. ದಾನದ ಹಾಳೇಲಿ ಸಹಿ ಹಾಕಿದ್ದಾರಲ್ಲಾ. ಆಮೇಲೆ ಪಕ್ಕದ ಆರನ್ನೂ ನೋಡ್ಕೋತೀನಿ ಅಂದ್ರು. ಅದರ ಅಳತೇನೂ ತಂದಿದ್ದೀನಿ."

ಭಾವನ ಕೈಯಿಂದ ಬಕೆಟ್ ಜಾರಿತು. ಅದು ಉರುಳುತ್ತ ಉರುಳುತ್ತ ಹೋಗಿ ಮಾತೆಯ ಚಿತ್ರದ ಪಾದದ ಬಳಿ ನಿಂತಿತು. ಅಕ್ಕ ಗಂಡನ ಜೇಬಿನ ಕಡೆ ನೋಡಿದಳು, ಕನ್ನಡಕವಿರುವ ಜೇಬಿನ ಕಡೆ. ಅವಳು ಏನನ್ನೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು ಎಂದು ಭಾವ ಈಗಲೂ ಅನ್ನುತ್ತಾರೆ.

ಅವರ ಸಂಬಳದಲ್ಲಿ ಆ ಕಿಟಕಿಯ ಒಂದು ಮೂಲೆಯೂ ಆಗುವಂತಿರಲಿಲ್ಲ. ನಿಜ ಹೇಳುವುದೊಂದೇ ದಾರಿ. ಹೇಳಲು ಹೊರಟರು. ತೊಂದರೆ ಏನೆಂದರೆ, ಯಾರೂ ನಂಬಲಿಲ್ಲ.

"ದರ್ಜಿಯವರೇ, ಆ ಕಿಟಕಿ ನಾನು ಕೊಡ್ತಾ ಇಲ್ಲ" ಎಂದರು.

ದರ್ಜಿ ಕತ್ತರಿ ಕೆಳಗಿಟ್ಟು ಕೈಮುಗಿದ. "ಗೊತ್ತಣ್ಣಾ. ದೇವರು ಕೊಡ್ತಿದ್ದಾನೆ, ನಾನು ಬರೀ ನಿಮಿತ್ತ ಅಂತ ತಾನೇ?"

"ಅಲ್ರೀ, ನನ್ನ ಹತ್ರ ಏನೂ ಇಲ್ಲ!"

"ನಿಜಾನೇ. ಯಾರ ಹತ್ರ ಏನಿದೆ ಹೇಳಿ? ಬರುವಾಗ ತಂದಿಲ್ಲ, ಹೋಗುವಾಗ ಒಯ್ಯಲ್ಲ." ಅದನ್ನು ಅವನು ಸೂಚನಾ ಫಲಕದ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಹಾಕಿದ. ಭಾವ ಎಷ್ಟು ಅಲ್ಲಗಳೆದರೋ ಅವರ ವಿನಯದ ಕೀರ್ತಿ ಅಷ್ಟು ಬೆಳೆಯಿತು.

ಕೊನೆಗೆ ಅಕ್ಕ, "ಗುರುಗಳಿಗೇ ಹೇಳಿ" ಎಂದು ಅಟ್ಟಿದಳು. ಮುಖಾಮುಖಿ ಹೇಳಲು ಭಾವನಿಗೆ ನಾಚಿಕೆ. ಒಂದು ಉಪಾಯ ಹೊಳೆಯಿತು. ಪಾಪನಿವೇದನೆಯ ಗೂಡಿನಲ್ಲಿ ಪಾಪ ಹೇಳುವವನಿಗೂ ಕೇಳುವ ಗುರುಗಳಿಗೂ ನಡುವೆ ಜಾಲರಿ ಇರುತ್ತದೆ, ಮುಖ ಕಾಣುವುದಿಲ್ಲ. ಅಲ್ಲಿ ಮಂಡಿಯೂರಿ ಎಲ್ಲವನ್ನೂ ಒದರಿ, ಹಗುರಾಗಿ, ಶಿಳ್ಳೆ ಹಾಕುತ್ತ ಮನೆಗೆ ಬಂದರು.

"ಹೇಳಿಬಿಟ್ಟೆ! ಇನ್ನು ಫಾದರ್ ಎಲ್ಲರಿಗೂ ತಿಳಿಸ್ತಾರೆ."

"ಎಲ್ಲಿ ಹೇಳಿದ್ರಿ?"

"ಪಾಪನಿವೇದನೇಲಿ."

ಅಕ್ಕ ಹಣೆಹಣೆ ಚಚ್ಚಿಕೊಂಡಳು. "ರೀ, ಅಲ್ಲಿ ಕೇಳಿದ್ದನ್ನ ಕೊರಳು ಕೊಯ್ದ್ರೂ ಅವರು ಹೊರಗೆ ಆಡೋ ಹಾಗಿಲ್ಲ! ಗೊತ್ತಿದೆ ಅಂತ ಮುಖದಲ್ಲೂ ತೋರಿಸೋ ಹಾಗಿಲ್ಲ!"

"ಹೌದಾ? ಅದಕ್ಕೇ ಇರಬೇಕು, 'ಇದನ್ನ ಹೊರಗೂ ಒಂದು ಸಲ ಹೇಳಪ್ಪಾ, ದಯವಿಟ್ಟು ಹೇಳು' ಅಂತ ಮೂರು ಸಲ ಅಂದ್ರು. ನಾನು ಹೂಂ ಅಂದು ಬಂದುಬಿಟ್ಟೆ."

ಗುರುಗಳು ಈ ಬಗ್ಗೆ ಇಂದಿಗೂ ಬಾಯಿ ಬಿಟ್ಟಿಲ್ಲವೆಂದು ಇಲ್ಲಿ ಸ್ಪಷ್ಟಪಡಿಸುತ್ತೇನೆ. ನನಗೆ ಹೇಳಿದವರು ಭಾವನೇ, ಅದೂ ಏಳು ಸಲ.

ಮಾರನೆಯ ದಿನ ಭಾನುವಾರ. ಪೀಠದ ಹಿಂದೆ ಕಿಟಕಿಯಿದ್ದಲ್ಲಿ ಬರೀ ಹಲಗೆ. ಒಳಗೆ ಮಬ್ಬುಗತ್ತಲೆ. ಆ ಕಿಟಕಿಯಿಂದ ಬೆಳಗಿನ ಹೊತ್ತು ನೆಲದ ಮೇಲೆ ನೀಲಿ ಬೆಳಕು ಬೀಳುತ್ತಿತ್ತು. ಅಜ್ಜಿ ಅಲ್ಲೇ ಕೂತು ಮೇಣ ಕೆರೆಯುವವಳು. ಅವತ್ತು ಅವಳು ಅದೇ ಜಾಗದಲ್ಲಿ ಕೂತು ಕೈಯಿಂದ ನೆಲ ತಡವಿ ಮೇಣ ಹುಡುಕುತ್ತಿದ್ದುದನ್ನು ಭಾವ ನೋಡಿದರು. ನಾನೂ ನೋಡಿದೆ. ನನಗೆ ಸಂಕಟವಾಯಿತು. ಭಾವನಿಗೆ ಏನಾಯಿತೋ, ಊಟ ಬಿಟ್ಟವರ ಹಾಗೆ ಮುಖ ಮಾಡಿಕೊಂಡರು.

ಬಲಿಪೂಜೆ ಮುಗಿಯಿತು. ದರ್ಜಿ ಎದ್ದು, "ಫಾದರ್, ನಮ್ಮ ದಾನಿಗಳ ಬಗ್ಗೆ ತಾವು ಎರಡು ಮಾತು ಆಡ್ಬೇಕು" ಎಂದ. ಗುರುಗಳು ಕೆಮ್ಮಿದರು. ಕನಿಷ್ಠ ಎರಡು ನಿಮಿಷ ಕೆಮ್ಮಿದರು. ಆಮೇಲೆ, "ದೇವರು ಎಲ್ಲವನ್ನೂ ಬಲ್ಲವನು" ಎಂದು ಹೇಳಿ, ಚಾವಣಿ ನೋಡುತ್ತ ಬೆವರು ಒರೆಸಿಕೊಂಡರು.

ಆಗ ಭಾವ ಎದ್ದು ನಿಂತರು. ದನಿ ದೊಡ್ಡದಿತ್ತು.

"ನಾನು ದಾನಿ ಅಲ್ಲ. ನಾನು ಸಹಿ ಹಾಕಿದ್ದು ಒರೆಸೋದಕ್ಕೆ. ಹಾಳೆ ತಪ್ಪಾಯ್ತು. ನನಗೆ ಹತ್ತಿರದ್ದು ಕಾಣಲ್ಲ. ನನ್ನ ಜಂಬದಿಂದ ಆ ಹಲಗೆ ಅಲ್ಲಿ ನಿಂತಿದೆ. ಎಲ್ಲರೂ ಕ್ಷಮಿಸಿ."

ಗುರುಗಳು ಬಹಳ ಹೊತ್ತಿನಿಂದ ಹಿಡಿದಿದ್ದ ಉಸಿರನ್ನು ಬಿಟ್ಟಂತೆ ನನಗೆ ಕಂಡಿತು. ಆದರೆ ಉಳಿದವರು? "ಎಂಥಾ ಮನುಷ್ಯ!" ಎಂದು ಬಡಗಿ ಕಣ್ಣೊರೆಸಿಕೊಂಡ. "ಕೊಟ್ಟೂ ಕೊಟ್ಟಿಲ್ಲ ಅಂತಾರೆ!" ಹಿಂದಿನ ಸಾಲಿನಿಂದ ಚಪ್ಪಾಳೆ ಶುರುವಾಯಿತು.

"ಸುಮ್ನಿರ್ರೋ!" ಎಂದು ಅಜ್ಜಿ ಚಾಕು ಎತ್ತಿದಳು. ಚಪ್ಪಾಳೆ ನಿಂತಿತು. "ಅವನು ಪ್ರಾರ್ಥನೆ ಪುಸ್ತಕ ಓದೋದನ್ನ ಯಾರಾದ್ರೂ ನೋಡಿದ್ದೀರಾ? ನಾನು ದಿನಾ ನೋಡ್ತೀನಿ. ಕೊಡಿ ಅವನ ಕೈಗೆ."

ದರ್ಜಿ ಪುಸ್ತಕ ಕೊಟ್ಟ. ಭಾವ ಅದನ್ನು ತೆರೆದು, ಗಂಟಲು ಸರಿಮಾಡಿಕೊಂಡು, ಮೊದಲ ಪ್ರಾರ್ಥನೆಯನ್ನು ಒಂದಕ್ಷರ ತಪ್ಪದೆ, ಭಾವಪೂರ್ಣವಾಗಿ ಹೇಳಿ ಮುಗಿಸಿದರು. ಬಾಯಿಪಾಠ. ಪುಸ್ತಕ ಮಾತ್ರ ತಲೆಕೆಳಗಾಗಿತ್ತು.

ಜನ ನಕ್ಕರು. ಗುರುಗಳೂ ನಕ್ಕರು. ನೀರಿನ ಇಲಾಖೆಯ ಅಧಿಕಾರಿ ಇಂಥ ದಾನಿಯನ್ನು ಕಣ್ಣಾರೆ ನೋಡಲೆಂದೇ ಅವತ್ತು ಬಂದಿದ್ದರು. ಅವರು ಮಾತ್ರ, "ಹಾಗಾದ್ರೆ ದಿನಾ ಬೆಳಗ್ಗೆ ಬರೋದು ಏನು?" ಎಂದು ನನ್ನನ್ನು ಪಿಸುಮಾತಿನಲ್ಲಿ ಕೇಳಿದರು. "ನೀರು ಸಾರ್" ಎಂದೆ.

"ನಗೋದು ಆಯ್ತಾ?" ಅಜ್ಜಿ ಎದ್ದು ನಿಂತಿದ್ದಳು. "ಈಗ ಕಿಟಕಿ ಎಲ್ಲಿ?"

ನಗು ನಿಂತಿತು. ಎಲ್ಲರೂ ಹಲಗೆಯ ಕಡೆ ನೋಡಿದರು. ಗಾಜಿನವನು ಮೂಲೆಯಿಂದ ಮೆಲ್ಲಗೆ ಹೇಳಿದ, "ಇಡೀ ಕಿಟಕಿ ಒಬ್ಬರ ಕೈಲಿ ಆಗಲ್ಲ, ನಿಜ. ಆದ್ರೆ ಅದು ಒಂದು ಗಾಜಲ್ಲ. ಇನ್ನೂರ ಎಂಬತ್ತಾರು ಚೂರು. ಒಂದು ಚೂರು ಅಂದ್ರೆ ಯಾರ ಕೈಗಾದ್ರೂ ಎಟುಕುತ್ತೆ."

"ನನ್ನದೊಂದು ನೀಲಿ ಬರ್ಕೋ" ಎಂದಳು ಅಜ್ಜಿ.

ಭಾವ ಎಲ್ಲರೆದುರು ಜೇಬಿಗೆ ಕೈಹಾಕಿದರು. ಕನ್ನಡಕ ತೆಗೆದರು. ಅಂಗಿಯ ತುದಿಯಿಂದ ಒರೆಸಿ ಮೂಗಿನ ಮೇಲೆ ಏರಿಸಿದರು. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಭಾವ ತಮ್ಮ ಪುಸ್ತಕದಲ್ಲಿ ಮೊದಲ ಸಾಲು ಬರೆದು, ತಲೆ ಎತ್ತಿ, "ನಾನು ಓದೋ ಮೀಟರು ಇನ್ನೂರ ತೊಂಬತ್ತು" ಎಂದರು. "ನಾಲ್ಕು ಮನೆ ಖಾಲಿ ಇವೆ."

ಆಮೇಲಿನ ಎರಡು ತಿಂಗಳು ಆ ಮನುಷ್ಯ ಮಾಡಿದ ಕೆಲಸವನ್ನು ನೆನೆದರೆ, ನಾನು ಅವರನ್ನು ಗೇಲಿ ಮಾಡಿದ್ದೆಲ್ಲ ಸಣ್ಣತನ ಅನ್ನಿಸುತ್ತದೆ. ಕೆಲಸ ಮುಗಿದ ಮೇಲೆ ಸಂಜೆ, ಗಾಜಿನವನ ಚಿತ್ರದ ನಕಲು ಹಿಡಿದು ಮನೆಮನೆ ಹತ್ತಿದರು. ಯಾವ ಮನೆಗೆ ಯಾವ ಚೂರು ಎಂದು ಅಂಕಿ ಹಾಕಿ ಬರೆದುಕೊಂಡರು. ಮೀಟರಿನ ಅಂಕಿಯನ್ನು ಇಪ್ಪತ್ತು ವರ್ಷ ತಪ್ಪದೆ ಬರೆದ ಕೈ, ಇಲ್ಲೂ ಒಂದು ತಪ್ಪಲಿಲ್ಲ. ಗಿಡದ ಎಲೆ ತಮಗೆ ಬೇಕೆಂದು ಇಬ್ಬರು ಅತ್ತಿಗೆ ನಾದಿನಿಯರು ಜಗಳವಾಡಿದಾಗ ಎಲೆಯನ್ನು ಎರಡು ಚೂರಾಗಿ ಕತ್ತರಿಸುವಂತೆ ಗಾಜಿನವನನ್ನು ಒಪ್ಪಿಸಿದರು. ಭಾನುವಾರಗಳಲ್ಲಿ ಅವನ ಪಕ್ಕದಲ್ಲಿ ಕೂತು ಸೀಸದ ಪಟ್ಟಿ ಉಜ್ಜಿ ಕೊಟ್ಟರು. ಅಧಿಕಾರಿ ದೊಡ್ಡ ಚೂರೊಂದನ್ನು ಕೇಳಿ ಪಡೆದರು, ವಿಚಾರಣೆಯ ಕಡತವನ್ನು ಮುಚ್ಚಿದರು. ಭಾವನದು ಚಿತ್ರದಲ್ಲಿ ಇನ್ನೂರ ಎಂಬತ್ತಾರು ಎಂದು ಅಂಕಿಯಿದ್ದ ಚೂರು, ಎಲ್ಲರೂ ಆರಿಸಿಕೊಂಡು ಉಳಿದದ್ದು, ಹೆಬ್ಬೆರಳ ಉಗುರಿನಷ್ಟು. ಅದು ಮಾತೆಯ ಚಪ್ಪಲಿಯ ತುದಿ.

ಕಿಟಕಿ ಕೂರಿಸಿದ ಬೆಳಗ್ಗೆ ಬಡಗಿ ಹಲಗೆ ಕಿತ್ತ ಕೂಡಲೇ ಬೆಳಕು ಒಳಗೆ ಬಂದು ಬೆಂಚುಗಳ ಮೇಲೆ, ನನ್ನ ಬಣ್ಣದ ಬಾಗಿಲ ಮೇಲೆ, ನಮ್ಮೆಲ್ಲರ ಮುಖದ ಮೇಲೆ ಬಿತ್ತು. ಅಷ್ಟು ಚೆಂದದ್ದನ್ನು ನಾನು ಇನ್ನೆಲ್ಲೂ ನೋಡಿಲ್ಲ. ಭಾವ ಬಕೆಟ್ ಮತ್ತು ಬಟ್ಟೆ ತಂದಿದ್ದರು. ಏಣಿ ಹತ್ತಿ, ಬರೆದುಕೊಟ್ಟಿದ್ದ ಮಾತಿನಂತೆ, ಕಿಟಕಿಯನ್ನು ಮೇಲಿನಿಂದ ಕೆಳಗಿನವರೆಗೆ ಒರೆಸಿದರು.

ಪಕ್ಕದ ಗೋಡೆಗೆ ಪಟ್ಟಿಯೊಂದನ್ನು ಚೌಕಟ್ಟು ಹಾಕಿ ತೂಗುಹಾಕಿದ್ದರು: ಯಾವ ಚೂರು, ಯಾವ ಮನೆ. ಅಜ್ಜಿ ಅದರ ಮುಂದೆ ನಿಂತು ಕಣ್ಣು ಕಿರಿದು ಮಾಡಿದಳು. ಅವಳ ಕನ್ನಡಕ ಒಡೆದು ವರ್ಷವಾಗಿತ್ತು.

"ನನ್ನದು ಎಲ್ಲಿದೆಯೋ?"

"ನಾನು ಓದ್ತೀನಿ ಇರಿ ಅಜ್ಜಿ" ಎಂದರು ಭಾವ.

"ನೀನ್ಯಾಕೆ ಓದ್ಬೇಕು? ನನ್ನ ಕಣ್ಣಲ್ಲಿ ನಾನು ನೋಡ್ಬೇಕು."

ಭಾವ ತಮ್ಮ ಕನ್ನಡಕ ತೆಗೆದು ಅವಳ ಮೂಗಿನ ಮೇಲೆ ಇಟ್ಟರು. ಅಜ್ಜಿ ಬೆರಳಿಟ್ಟು ಒಂದೊಂದೇ ಸಾಲು ಇಳಿಯುತ್ತ ತನ್ನ ಹೆಸರಿನ ಬಳಿ ನಿಂತಳು. ಅದನ್ನು ಎರಡು ಸಲ ಓದಿಕೊಂಡು, ನೆಲದ ಮೇಲೆ ತನ್ನ ಜಾಗದಲ್ಲಿ ಹೋಗಿ ಕೂತಳು. ಅವಳ ಮಡಿಲಿನ ತುಂಬ ನೀಲಿ ಇತ್ತು. ಕನ್ನಡಕ ಹಿಂದಕ್ಕೆ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಅದನ್ನೇ ನೋಡುತ್ತ ನಿಂತಿದ್ದ ನನಗೆ ಭಾವ ಎಲ್ಲಿ ಹೋದರೆಂದು ಗೊತ್ತಾಗಲಿಲ್ಲ. ಅಕ್ಕನಿಗೆ ಗೊತ್ತಾಯಿತು. ಅವಳು ಚೀರಿದಳು. ಬಾಗಿಲ ಬಳಿ ಅಂದು ಬೆಳಗ್ಗೆಯಷ್ಟೇ ಮುಂದಿನ ದುರಸ್ತಿಗೆ ಹೊಸದಾಗಿ ಎರಡು ಹಾಳೆ ಅಂಟಿಸಿದ್ದರು. ಭಾವ ಕನ್ನಡಕವಿಲ್ಲದೆ ಬಲಗಡೆಯದರ ಮುಂದೆ ನಿಂತು ಪೆನ್ನಿನ ಮುಚ್ಚಳ ಹಾಕುತ್ತಿದ್ದರು.

"ಏನಕ್ಕೆ ಸಹಿ ಹಾಕಿದ್ರಿ?" ಎಂದು ಅಕ್ಕ ಓಡಿದಳು.

"ಅಂಗಳ ಗುಡಿಸೋದಕ್ಕೆ."

ದರ್ಜಿ ಬಗ್ಗಿ ಓದಿದ. ಅವನ ಮುಖ ಬಿಳುಚಿತು. "ಗೋಪುರದ ಗಂಟೆ" ಎಂದ. "ಮೂರು."

ಬಡಗಿ ತನ್ನ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಭಾವನ ಹೆಸರಿನ ಕೆಳಗೆ ತನ್ನ ಹೆಸರು ಬರೆದ. ಅವನ ಹಿಂದೆ ಅಧಿಕಾರಿ ಬಂದು ನಿಂತರು. ಅವರ ಹಿಂದೆ ಅತ್ತಿಗೆ ನಾದಿನಿಯರು, ಅವರ ಹಿಂದೆ ಇನ್ನಷ್ಟು ಜನ. ನಾನು ನೋಡುತ್ತಿದ್ದಂತೆ ಸಾಲು ಮೆಟ್ಟಿಲಿಳಿದು ಬೀದಿಗೆ ಮುಟ್ಟಿತು. ಅಜ್ಜಿ ಒಳಗಿನಿಂದ ಕೂಗಿದಳು:

"ಈ ಸಲ ಏನಂತೆ? ಏನಾದ್ರೂ ಇರಲಿ, ನನ್ನದೊಂದು ಚೂರು ಬರ್ಕೊಳ್ಳಿ!"